ಪೆಟ್ರೋಲ್ ಎಲ್ಲಿಂದ ತೊಟ್ಟಿಕ್ಕುತ್ತಿದೆ? ಹಳೆಯ ಕಾರಿನ ಕಾರ್ಬ್ಯುರೇಟರ್ ಸೋರಿಕೆಯ ಒಳಹೊರಗು

ತಿಂಗಳುಗಟ್ಟಲೆ ಹೊದಿಕೆಯಡಿ ನಿಂತಿದ್ದ ಹಳೆಯ ಕಾರನ್ನು ಚಾಲೂ ಮಾಡಿದ ಹತ್ತು ನಿಮಿಷಕ್ಕೆ ಗ್ಯಾರೇಜಿನ ತುಂಬ ಪೆಟ್ರೋಲ್ ವಾಸನೆ ಅಡರುತ್ತದೆ. ಬಾನೆಟ್ ಎತ್ತಿದರೆ ಕಾರ್ಬ್ಯುರೇಟರಿನ ಬುಡ ಒದ್ದೆಯಾಗಿರುತ್ತದೆ. ಆಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಕೈಗೆ ಸಿಕ್ಕ ಸ್ಕ್ರೂಗಳನ್ನೆಲ್ಲ ಇನ್ನಷ್ಟು ಬಿಗಿ ಮಾಡುತ್ತಾರೆ, ಇಲ್ಲವೇ ಹೊಸ ಕಾರ್ಬ್ಯುರೇಟರಿಗೆ ಹುಡುಕಾಟ ಶುರುಮಾಡುತ್ತಾರೆ. ಬಿಗಿ ಮಾಡಿದರೆ ಮುಚ್ಚಳ ಬಾಗಿ ಸೋರಿಕೆ ಹೆಚ್ಚಾಗುವುದೇ ಸಾಮಾನ್ಯ. ಹೊಸದನ್ನು ತಂದರೂ, ದೋಷ ಪಂಪಿನಲ್ಲೋ ಟ್ಯಾಂಕಿನಲ್ಲೋ ಇದ್ದರೆ ಅದೂ ಸೋರುತ್ತದೆ.

ಕಾರ್ಬ್ಯುರೇಟರ್ ಸುಮ್ಮನೆ ಸೋರುವುದಿಲ್ಲ. ಪೆಟ್ರೋಲ್ ಯಾವ ಜಾಗದಿಂದ ಬರುತ್ತಿದೆ, ಯಾವ ಹೊತ್ತಿನಲ್ಲಿ ಬರುತ್ತಿದೆ ಎಂಬ ಎರಡು ಸಂಗತಿ ಗೊತ್ತಾದರೆ, ಒಂದು ಸ್ಕ್ರೂ ಬಿಚ್ಚುವ ಮೊದಲೇ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು. ಹಾಗೆ ಊಹಿಸಲು ಆ ಲೋಹದ ಡಬ್ಬಿಯೊಳಗೆ ಏನು ನಡೆಯುತ್ತದೆ ಎಂಬುದು ತಿಳಿದಿರಬೇಕು.

ಮೊದಲು ಬೆಂಕಿಯ ಮಾತು

ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ಅದು ಮೇಲೇರಿ ಚದುರಿಹೋಗುವ ಬದಲು ನೆಲದ ಮೇಲೆ ಹರಡಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಕಾರಿನಿಂದ ನಾಲ್ಕು ಹೆಜ್ಜೆ ಆಚೆ ಉರಿಯುತ್ತಿರುವ ಒಲೆ ಅಥವಾ ಗ್ಯಾಸ್ ಗೀಸರಿಗೂ ಅದು ತಲುಪಬಲ್ಲದು. ಕಾರ್ಬ್ಯುರೇಟರಿನ ಕೆಳಗೇ ಹೊಗೆಯನ್ನು ಹೊರಗೊಯ್ಯುವ, ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುವ ಕಾರುಗಳಲ್ಲಿ ಅಪಾಯ ಇನ್ನೂ ಹತ್ತಿರದ್ದು.

ಸೋರಿಕೆ ಕಂಡ ಕೂಡಲೇ ಎಂಜಿನ್ ನಿಲ್ಲಿಸಿ. ಕಾರಿನಲ್ಲಿ ವಿದ್ಯುತ್ ಪಂಪ್ ಇದ್ದರೆ ಕೀಲಿಯನ್ನೂ ತಿರುಗಿಸಿ ತೆಗೆಯಿರಿ. ಎಂಜಿನ್ ನಿಂತರೂ ಕೀಲಿ ಆನ್ ಆಗಿರುವವರೆಗೆ ಹಳೆಯ ವಿದ್ಯುತ್ ಪಂಪುಗಳು ಪೆಟ್ರೋಲ್ ಕಳಿಸುತ್ತಲೇ ಇರುತ್ತವೆ. ಬ್ಯಾಟರಿಯ ತಂತಿ ಬಿಚ್ಚುವಾಗ ಕಿಡಿ ಹಾರುವುದರಿಂದ, ಮೊದಲು ಬಾಗಿಲು ತೆರೆದು ಗಾಳಿಯಾಡಲು ಬಿಟ್ಟು, ವಾಸನೆ ಇಳಿದ ಮೇಲೆಯೇ ಅದಕ್ಕೆ ಕೈಹಾಕಿ. ಪುಡಿ ಅಥವಾ ಫೋಮ್ ಬಗೆಯ ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ನೀರು ಎರಚಿದರೆ ಪೆಟ್ರೋಲ್ ಅದರ ಮೇಲೆ ತೇಲಿ ಉರಿಯುತ್ತಲೇ ಹರಡುತ್ತದೆ.

ಕಾರ್ಬ್ಯುರೇಟರ್ ಮಾಡುವ ಕೆಲಸ

ಎಂಜಿನ್ನಿಗೆ ಬೇಕಾದದ್ದು ಗಾಳಿ ಮತ್ತು ಪೆಟ್ರೋಲಿನ ಹದವಾದ ಮಿಶ್ರಣ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಇಂದಿನ ಕಾರುಗಳಲ್ಲಿ ಈ ಅಳತೆಯನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಳೆಯ ಕಾರುಗಳಲ್ಲಿ ಅದನ್ನು ಮಾಡುವುದು ಗಾಳಿಯ ಸೆಳೆತ.

ಎಂಜಿನ್ ಉಸಿರೆಳೆದಾಗ ಗಾಳಿ ಕಾರ್ಬ್ಯುರೇಟರಿನ ಕೊಳವೆಯ ಮೂಲಕ ಹಾದುಹೋಗುತ್ತದೆ. ಕೊಳವೆಯ ನಡುವೆ ಸೊಂಟದಂತೆ ಕಿರಿದಾದ ಜಾಗವೊಂದಿದೆ; ಅದಕ್ಕೆ ವೆಂಚುರಿ ಎಂದು ಹೆಸರು. ಕಿರಿದಾದ ಕಡೆ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಪೂರ್ಣ ಒತ್ತಡ ಬೀಳುತ್ತಿರುತ್ತದೆ. ಈ ಎರಡರ ನಡುವಿನ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ ಎಂಬ ಸಣ್ಣ ಹಿತ್ತಾಳೆಯ ತೂತಿನ ಮೂಲಕ ಮೇಲೆತ್ತಿ ಗಾಳಿಗೆ ಎರಚುತ್ತದೆ. ಆಮೇಲೆ ಬರುವ ಥ್ರಾಟಲ್ ಎಂಬ ಬಿಲ್ಲೆ ಆಕ್ಸಿಲರೇಟರ್ ಪೆಡಲಿಗೆ ತಕ್ಕಂತೆ ತೆರೆದು ಮುಚ್ಚಿ, ಎಷ್ಟು ಮಿಶ್ರಣ ಒಳಗೆ ಹೋಗಬೇಕೆಂದು ನಿರ್ಧರಿಸುತ್ತದೆ.

ಹೀಗೆ ಫ್ಲೋಟ್ ಇಟ್ಟು, ಜೆಟ್ಟಿನಿಂದ ಪೆಟ್ರೋಲ್ ಸಿಂಪಡಿಸುವ ಕಾರ್ಬ್ಯುರೇಟರನ್ನು ಜರ್ಮನಿಯ ವಿಲ್ಹೆಲ್ಮ್ ಮೈಬಾಕ್ 1893ರಲ್ಲಿ ರೂಪಿಸಿದರು. ಅದೇ ವರ್ಷ ಹಂಗೇರಿಯ ದೊನಾತ್ ಬಾಂಕಿ ಮತ್ತು ಯಾನೋಶ್ ಚೋಂಕಾ ಕೂಡ ಇಂಥದೇ ಸಾಧನಕ್ಕೆ ಪೇಟೆಂಟ್ ಪಡೆದರು. ಮುಂದೆ ಬಂದ ಸೋಲೆಕ್ಸ್, ಎಸ್‌ಯು, ವೆಬರ್, ಜೆನಿತ್, ಹಾಲಿ, ರಾಚೆಸ್ಟರ್ ಹೆಸರಿನ ಕಾರ್ಬ್ಯುರೇಟರುಗಳೆಲ್ಲವೂ ರೂಪದಲ್ಲಿ ಬೇರೆಬೇರೆ. ಪೆಟ್ರೋಲನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ವಿಧಾನ ಮಾತ್ರ ಇವುಗಳಲ್ಲಿ ಹೆಚ್ಚುಕಡಿಮೆ ಒಂದೇ. ನಮ್ಮ ಸೋರಿಕೆಯ ಬೇರು ಇರುವುದೂ ಅಲ್ಲೇ.

ಫ್ಲೋಟ್ ಬೌಲ್: ಹೆಚ್ಚಿನ ಸೋರಿಕೆಗಳ ತವರು

ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡೊಂದು ಇರುತ್ತದಲ್ಲ, ನೀರು ತುಂಬಿದಂತೆ ಮೇಲೇರಿ ನಲ್ಲಿಯನ್ನು ಮುಚ್ಚುವುದು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವುದೂ ಅದೇ ಏರ್ಪಾಡು. ಬಟ್ಟಲಿಗೆ ಫ್ಲೋಟ್ ಬೌಲ್ ಎನ್ನುತ್ತಾರೆ. ಅದರೊಳಗೆ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಟೊಳ್ಳು ಫ್ಲೋಟ್ ತೇಲುತ್ತಿರುತ್ತದೆ. ಪೆಟ್ರೋಲ್ ಮಟ್ಟ ಏರಿದಂತೆ ಫ್ಲೋಟ್ ಮೇಲೆದ್ದು, ಚೂಪು ತುದಿಯ ಪುಟ್ಟ ನೀಡಲನ್ನು ಅದರ ಸೀಟಿಗೆ (ನೀಡಲ್ ಕೂರುವ ತೂತಿನ ಬಾಯಿಗೆ) ಒತ್ತಿ ಒಳಬರುವ ದಾರಿಯನ್ನು ಮುಚ್ಚುತ್ತದೆ. ಎಂಜಿನ್ ಪೆಟ್ರೋಲ್ ಕುಡಿದು ಮಟ್ಟ ಇಳಿದರೆ ನೀಡಲ್ ಮತ್ತೆ ಸಡಿಲಗೊಳ್ಳುತ್ತದೆ.

ನೀಡಲ್ ಮುಚ್ಚದಿದ್ದರೆ ಮಟ್ಟ ಏರುತ್ತಲೇ ಹೋಗಿ, ಬೌಲಿಗೆ ಗಾಳಿಯಾಡಲು ಇಟ್ಟ ತೂತಿನಿಂದಲೋ ಜೆಟ್ಟಿನಿಂದಲೋ ಪೆಟ್ರೋಲ್ ಉಕ್ಕುತ್ತದೆ. ಮೆಕ್ಯಾನಿಕ್‌ಗಳು ಓವರ್‌ಫ್ಲೋ ಎನ್ನುವುದು ಇದನ್ನೇ.

ಈ ಮುಚ್ಚುವ ಶಕ್ತಿ ಎಷ್ಟು ನಾಜೂಕಿನದು ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ಸೀಟಿನ ತೂತು 2 ಮಿಲಿಮೀಟರ್ ಅಗಲವಿದ್ದು, ಪಂಪಿನ ಒತ್ತಡ 3 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಇದ್ದರೆ, ಪೆಟ್ರೋಲ್ ನೀಡಲನ್ನು ನೂಕುವ ಬಲ ಸುಮಾರು 6ರಿಂದ 7 ಗ್ರಾಂ ತೂಕಕ್ಕೆ ಸಮ. ಫ್ಲೋಟ್ ಅಷ್ಟನ್ನು ತಡೆದು ಹಿಡಿಯಬೇಕು. ಯಾರೋ 7 ಪಿಎಸ್‌ಐ ಒತ್ತಡದ ಹೊಸ ವಿದ್ಯುತ್ ಪಂಪ್ ಕೂರಿಸಿದರೆ ಆ ಬಲ ಸುಮಾರು 15 ಗ್ರಾಂಗೆ ಏರುತ್ತದೆ. ಪಂಪ್ ಹಳೆಯದೇ ಇದ್ದು, ರಿಪೇರಿ ಕಿಟ್ಟಿನೊಂದಿಗೆ ಬಂದ ಸೀಟಿನ ತೂತು 3 ಮಿಲಿಮೀಟರ್ ಆಗಿದ್ದರೂ ಫಲ ಅದೇ, ಹೆಚ್ಚುಕಡಿಮೆ 15 ಗ್ರಾಂ. ಫ್ಲೋಟ್ ಮಾತ್ರ ಮೊದಲಿನದೇ. ಎಲ್ಲ ಭಾಗಗಳೂ ಹೊಸದಾಗಿದ್ದರೂ ಸೋರುವ ಕಾರ್ಬ್ಯುರೇಟರುಗಳ ಹಿಂದೆ ಇಂಥ ಲೆಕ್ಕ ಅಡಗಿರುವುದುಂಟು.

ಯಾವಾಗ, ಎಲ್ಲಿಂದ?

ಕಾರ್ಬ್ಯುರೇಟರಿನ ಹೊರಮೈಯನ್ನು ಚೆನ್ನಾಗಿ ಒರೆಸಿ ಒಣಗಿಸಿ. ಎಂಜಿನ್ ತಣ್ಣಗಿದ್ದಾಗ ಅನುಮಾನವಿರುವ ಕೀಲುಗಳ ಮೇಲೆ ತುಸು ಸೀಮೆಸುಣ್ಣದ ಪುಡಿ ಉದುರಿಸಿದರೆ ಪೆಟ್ರೋಲ್ ಹಾದ ಜಾಗ ಕಪ್ಪಾಗಿ ಕಾಣುತ್ತದೆ. ಗಾಳಿ ಸೇರುವ ಬಾಯಿಯ ಬಳಿ ಪುಡಿ ಹೋಗದಂತೆ ಎಚ್ಚರವಿರಲಿ. ಹಳೆಯ ಸೋರಿಕೆ ತನ್ನ ಗುರುತನ್ನು ಬಿಟ್ಟೇ ಹೋಗಿರುತ್ತದೆ. ಪೆಟ್ರೋಲ್ ಆರಿದರೂ ಕಂದು ಹಳದಿ ಕಲೆ ಉಳಿಯುತ್ತದೆ, ಆ ಕಲೆಯ ಮೇಲಿನ ಅಂಚೇ ಸೋರಿಕೆಯ ಮೂಲ. ಒದ್ದೆಯಾಗಿರುವ ಕೆಳಭಾಗವನ್ನು ನೋಡಿ ಮೋಸಹೋಗಬಾರದು. ಪೆಟ್ರೋಲ್ ಬಹಳ ತೆಳು, ಮೇಲಿನಿಂದ ಇಳಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ.

ಪೆಟ್ರೋಲ್ ಬರುವ ಪೈಪಿನ ಕೀಲಿನಲ್ಲಿ, ಎಂಜಿನ್ ಓಡುವಾಗ ಮಾತ್ರ ಒಸರಿದರೆ ಅಲ್ಲಿನ ವಾಷರ್ ಅಥವಾ ಹೋಸ್ ಸತ್ತಿದೆ. ಇದು ಅತಿ ಸುಲಭದ ರಿಪೇರಿ. ತಾಮ್ರದ ಅಥವಾ ಫೈಬರ್ ವಾಷರನ್ನು ಹೊಸದಾಗಿ ಹಾಕಿದರೆ ಮುಗಿಯಿತು. ಶಂಕುವಿನಾಕಾರದ ಬಾಯಿಯಿಂದ ಕೂರುವ ನಟ್ಟುಗಳಿಗೆ ಕೊಳಾಯಿ ಕೆಲಸದ ಬಿಳಿ ಟೇಪ್ ಸುತ್ತುವವರಿದ್ದಾರೆ. ಅಲ್ಲಿ ಸೋರದಂತೆ ತಡೆಯುವುದು ನಟ್ಟಿನ ತಿರುಪಿನ ಎಳೆಗಳಲ್ಲ, ಶಂಕುವಿನ ಮೈ. ಟೇಪಿನ ಚೂರು ಒಳಗೆ ಹೋಗಿ ನೀಡಲಿನ ಕೆಳಗೆ ಸಿಕ್ಕಿಕೊಂಡರೆ ಸಣ್ಣ ಸೋರಿಕೆ ದೊಡ್ಡದಾಗುತ್ತದೆ.

ಆಕ್ಸಿಲರೇಟರ್ ತುಳಿದಾಗ ಮಾತ್ರ ಒಂದು ಪಕ್ಕದಿಂದ ಚಿಮ್ಮಿದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಹರಿದಿದೆ ಎಂದರ್ಥ. ಥಟ್ಟನೆ ಪೆಡಲ್ ಒತ್ತಿದಾಗ ಹೆಚ್ಚುವರಿ ಪೆಟ್ರೋಲ್ ಎರಚುವ ಪುಟ್ಟ ಪಂಪ್ ಇದು. ಇದರ ರಬ್ಬರ್ ಪೊರೆ ವಯಸ್ಸಾದಂತೆ ಗಡುಸಾಗಿ ಬಿರಿಯುತ್ತದೆ.

ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಚೋಕ್ ಎಳೆದಾಗ ಅಡಿಯಿಂದ ತೊಟ್ಟಿಕ್ಕುವುದು ಬ್ರಿಟಿಷ್ ಕಾರುಗಳ ಎಸ್‌ಯು ಕಾರ್ಬ್ಯುರೇಟರುಗಳ ವಿಶೇಷ. ಅದರಲ್ಲಿ ಚೋಕ್ ಎಳೆದರೆ ಜೆಟ್ಟೇ ಕೆಳಕ್ಕೆ ಸರಿಯುತ್ತದೆ. ಎಚ್‌ಎಸ್ ಮಾದರಿಯಲ್ಲಿ ಬೌಲಿನಿಂದ ಜೆಟ್ಟಿಗೆ ನೈಲಾನ್ ಕೊಳವೆಯೊಂದು ಹೋಗುತ್ತದೆ, ಅದು ಬೌಲಿಗೆ ಸೇರುವ ನಟ್ಟಿನೊಳಗೆ ಸೋರದಂತೆ ತಡೆಯುವ ಸಣ್ಣ ರಬ್ಬರ್ ಬಿಗಿ (ಸೀಲ್) ಇರುತ್ತದೆ. ಅದು ಸವೆದಿದ್ದರೆ ಅಥವಾ ಕೊಳವೆ ಗಡುಸಾಗಿ ಬಿರಿದಿದ್ದರೆ ಜೆಟ್ ಅಲುಗಿದಾಗೆಲ್ಲ ಜಿನುಗುತ್ತದೆ. ಇನ್ನೂ ಹಳೆಯ ಎಚ್ ಮಾದರಿಯಲ್ಲಿ ಈ ಕೆಲಸವನ್ನು ಕಾರ್ಕಿನ ಬಿಗಿಗಳು ಮಾಡುತ್ತವೆ; ಕಾರು ಬಹಳ ದಿನ ನಿಂತರೆ ಕಾರ್ಕ್ ಒಣಗಿ ಕುಗ್ಗುತ್ತದೆ.

ಬೌಲಿನ ಮೇಲಿನ ಗಾಳಿಯ ತೂತಿನಿಂದ ಅಥವಾ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸುರಿದರೆ ನೀಡಲ್ ವಾಲ್ವ್ ಮುಚ್ಚುತ್ತಿಲ್ಲ. ಮೇಲೆ ಹೇಳಿದ ತೊಟ್ಟಿ ಉಕ್ಕುವ ಪ್ರಸಂಗ ಇದೇ.

ಕಾರು ಓಡಿಸಿ ನಿಲ್ಲಿಸಿದ ಕಾಲು ಗಂಟೆಯೊಳಗೆ ವಾಸನೆ ಬಂದು, ಆಮೇಲೆ ಎಂಜಿನ್ ಚಾಲೂ ಆಗಲು ಸತಾಯಿಸಿದರೆ, ಅದು ಭಾಗಗಳ ದೋಷವೇ ಅಲ್ಲದಿರಬಹುದು. ಓಡುವಾಗ ಗಾಳಿ ಮತ್ತು ಹೊಸ ಪೆಟ್ರೋಲ್ ಕಾರ್ಬ್ಯುರೇಟರನ್ನು ತಂಪಾಗಿಡುತ್ತಿರುತ್ತವೆ. ಎಂಜಿನ್ ನಿಂತೊಡನೆ ಅದರ ಕಾವೆಲ್ಲ ಮೇಲೇರುತ್ತದೆ. ಪೆಟ್ರೋಲಿನ ಹಗುರ ಅಂಶಗಳು 35ರಿಂದ 40 ಡಿಗ್ರಿಯಲ್ಲೇ ಕುದಿಯಲು ತೊಡಗುವುದರಿಂದ ಬೌಲಿನಲ್ಲಿ ಗುಳ್ಳೆಯೆದ್ದು, ಪೆಟ್ರೋಲ್ ಜೆಟ್ಟಿನ ಮೂಲಕ ಉಕ್ಕಿ ಎಂಜಿನ್ನಿಗೆ ಇಳಿಯುತ್ತದೆ. ಪಂಪ್ ಮತ್ತು ನೀಡಲ್ ನಡುವಿನ ಪೈಪಿನಲ್ಲಿ ಸಿಕ್ಕಿಕೊಂಡ ಪೆಟ್ರೋಲೂ ಕಾದು ಹಿಗ್ಗಿ ನೀಡಲನ್ನು ತಳ್ಳುತ್ತದೆ. ಕಾರ್ಬ್ಯುರೇಟರಿನ ಕೆಳಗೆ ಇರಬೇಕಾದ, ಶಾಖ ತಡೆಯುವ ಬೇಕಲೈಟಿನ ದಪ್ಪ ಬಿಲ್ಲೆಯನ್ನು ಹಿಂದೆ ಯಾರಾದರೂ ತೆಗೆದುಹಾಕಿದ್ದಾರೆಯೇ ನೋಡಿ. ಪೈಪ್ ಎಕ್ಸಾಸ್ಟಿಗೆ ತಾಗಿಕೊಂಡಿದ್ದರೆ ದೂರ ಸರಿಸಿ. ನೀಡಲ್ ಬದಲಿಸಿ ಈ ಕಾಯಿಲೆಯನ್ನು ವಾಸಿ ಮಾಡಲು ಬರುವುದಿಲ್ಲ.

ಹೊರಗೆ ಕಾಣದ ಸೋರಿಕೆ

ಸೋರಿದ ಪೆಟ್ರೋಲ್ ಹೊರಗೇ ಬರಬೇಕೆಂದಿಲ್ಲ. ಕಾರ್ಬ್ಯುರೇಟರಿನಿಂದ ಎಂಜಿನ್ನಿಗೆ ಮಿಶ್ರಣ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೆ ಸೋರಿದ ಪೆಟ್ರೋಲ್ ಸಿಲಿಂಡರಿಗೆ ಇಳಿದು, ಅದರ ಗೋಡೆಯ ಎಣ್ಣೆಯ ಪದರವನ್ನು ತೊಳೆದುಕೊಂಡು ಎಂಜಿನ್ ಆಯಿಲ್ ಸೇರುತ್ತದೆ. ಕಪ್ಪು ಹೊಗೆ, ಐಡಲಿಂಗಿನಲ್ಲಿ (ಪೆಡಲ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ತಡವರಿಕೆ, ಕಪ್ಪು ಮಸಿ ಹಿಡಿದ ಪ್ಲಗ್ಗುಗಳು ಇದರ ಲಕ್ಷಣ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಮೂಸಿ ನೋಡಿ. ಆಯಿಲ್ ಹಾಕದೆಯೇ ಅದರ ಮಟ್ಟ ಏರಿದ್ದು, ಪೆಟ್ರೋಲ್ ವಾಸನೆ ಬರುತ್ತಿದ್ದರೆ ಎಂಜಿನ್ ಚಾಲೂ ಮಾಡಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ಉಳಿಸದು. ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿ ನಿಂತಿದ್ದರಂತೂ ಸ್ಟಾರ್ಟರ್ ತಿರುಗಿಸುವುದೇ ತಪ್ಪು. ದ್ರವವನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಪ್ಲಗ್ಗುಗಳನ್ನು ತೆಗೆದು ಆವಿ ಆರಲು ಬಿಡಬೇಕು.

ಆಯಿಲಿಗೆ ಪೆಟ್ರೋಲ್ ಸೇರಿದ್ದಕ್ಕೆಲ್ಲ ಕಾರ್ಬ್ಯುರೇಟರೇ ಹೊಣೆಯಲ್ಲ. ಎಂಜಿನ್ನಿನ ಪಕ್ಕಕ್ಕೆ ಕೂರಿಸಿದ ಯಾಂತ್ರಿಕ ಪಂಪಿನ ಡಯಾಫ್ರಾಮ್ ಹರಿದರೂ ಪೆಟ್ರೋಲ್ ನೇರವಾಗಿ ಆಯಿಲಿಗೆ ಇಳಿಯಬಹುದು.

ಒಳಸೋರಿಕೆಗೆ ಹೆಸರುವಾಸಿಯಾದದ್ದು 1965ರಲ್ಲಿ ಬಂದ ರಾಚೆಸ್ಟರ್ ಕ್ವಾಡ್ರಾಜೆಟ್. ಅದರ ಬೌಲಿನ ಅಡಿಯಲ್ಲಿ, ಎರಕದ ನಂತರ ಕೊರೆದ ದಾರಿಗಳನ್ನು ಸಣ್ಣ ಬಿರಡೆಗಳಿಂದ ಮುಚ್ಚಿರುತ್ತಾರೆ. ಅವು ಸಡಿಲವಾದರೆ ರಾತ್ರಿಯೆಲ್ಲ ಬೌಲ್ ನಿಧಾನವಾಗಿ ಮ್ಯಾನಿಫೋಲ್ಡಿಗೆ ಬಸಿದುಹೋಗುತ್ತದೆ. ಬೆಳಿಗ್ಗೆ ಎಂಜಿನ್ ಬಹಳ ಹೊತ್ತು ತಿರುಗಿದ ಮೇಲೆಯೇ ಚಾಲೂ ಆಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಪೆಟ್ರೋಲ್ ತಡೆಯುವ ಎಪಾಕ್ಸಿ ಅಂಟಿನಿಂದ ಆ ಬಿರಡೆಗಳನ್ನು ಮುಚ್ಚುವುದು ರೂಢಿಯ ಪರಿಹಾರ. ಹಾಗೆಂದು ಬೌಲ್ ಬರಿದಾಗಿದ್ದೆಲ್ಲ ಸೋರಿಕೆಯಲ್ಲ. ವಾರಗಟ್ಟಲೆ ನಿಂತ ಕಾರಿನ ಬೌಲಿನಿಂದ ಪೆಟ್ರೋಲ್ ತಾನಾಗಿ ಆವಿಯಾಗುತ್ತದೆ.

ಬಿಚ್ಚುವ ಮುನ್ನ ಎರಡು ಪರೀಕ್ಷೆ

ಬಹಳ ದಿನ ನಿಂತ ಕಾರು ಚಾಲೂ ಆದೊಡನೆ ಉಕ್ಕಿದರೆ, ನೀಡಲ್ ತೆರೆದ ಸ್ಥಿತಿಯಲ್ಲೇ ಅಂಟಿಕೊಂಡಿರಬಹುದು ಅಥವಾ ಅದರ ಮತ್ತು ಸೀಟಿನ ನಡುವೆ ತುಕ್ಕಿನ ಕಣವೊಂದು ಸಿಕ್ಕಿರಬಹುದು. ಎಂಜಿನ್ ನಿಲ್ಲಿಸಿ, ಸುರಿದದ್ದನ್ನು ಒರೆಸಿ, ನೀಡಲ್ ಇರುವ ಭಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಹಳೆಯ ಮೆಕ್ಯಾನಿಕ್‌ಗಳ ಈ ಉಪಾಯ ಎಷ್ಟೋ ಸಲ ಫಲಿಸುತ್ತದೆ. ಫಲಿಸಿದರೆ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುವಂತಿಲ್ಲ. ಟ್ಯಾಂಕಿನಲ್ಲಿ ತುಕ್ಕಿದೆ, ಫಿಲ್ಟರ್ ತನ್ನ ಕೆಲಸ ಮಾಡುತ್ತಿಲ್ಲ ಎಂಬುದು ಅದರಿಂದ ತಿಳಿಯುತ್ತದೆ.

ಇನ್ನೊಂದು, ಪಂಪಿನ ಒತ್ತಡ. ಪಂಪ್ ಮತ್ತು ಕಾರ್ಬ್ಯುರೇಟರ್ ನಡುವೆ ಗೇಜ್ ಜೋಡಿಸಿ ನೋಡಬೇಕು. ಹಳೆಯ ಕಾರ್ಬ್ಯುರೇಟರುಗಳಲ್ಲಿ ಹೆಚ್ಚಿನವು ಸುಮಾರು 2ರಿಂದ 5 ಪಿಎಸ್‌ಐ ಒತ್ತಡಕ್ಕೆ ತಯಾರಾದವು. ಎಸ್‌ಯು ಬಗೆಯವು ಇದರ ಕೆಳತುದಿಯನ್ನೇ ಬಯಸುತ್ತವೆ. ನಿಮ್ಮ ಕಾರಿನ ಕೈಪಿಡಿಯ ಅಂಕಿಗಿಂತ ಗೇಜ್ ಹೆಚ್ಚು ತೋರಿಸಿದರೆ ಕಾರ್ಬ್ಯುರೇಟರನ್ನು ಮುಟ್ಟಬೇಡಿ. ಸರಿಯಾದ ಪಂಪ್ ಹಾಕಿ, ಇಲ್ಲವೇ ಒತ್ತಡ ಇಳಿಸುವ ರೆಗ್ಯುಲೇಟರ್ ಸೇರಿಸಿ. ಫ್ಯೂಯೆಲ್ ಇಂಜೆಕ್ಷನ್ ಕಾರಿನ ಪಂಪ್ 40 ಪಿಎಸ್‌ಐ ಆಸುಪಾಸಿನ ಒತ್ತಡ ಕೊಡುತ್ತದೆ, ಅದರ ಮುಂದೆ ಯಾವ ಫ್ಲೋಟೂ ನಿಲ್ಲದು.

ಬಿಚ್ಚಿದ ಮೇಲೆ: ನೀಡಲ್ ಮತ್ತು ಫ್ಲೋಟ್

ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕಡ್ಡಿ, ಸ್ಪ್ರಿಂಗ್, ವಾಷರ್ ಯಾವ ಮುಖ ಮೇಲಾಗಿ ಕೂತಿತ್ತು ಎಂಬುದು ಜೋಡಿಸುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಅಗಲವಾದ ಬಿಳಿ ತಟ್ಟೆಯಲ್ಲಿ ಕೆಲಸ ಮಾಡಿದರೆ ಉರುಳಿದ ಸಣ್ಣ ಗುಂಡು ಕಾಣೆಯಾಗದು, ಬೌಲಿನ ತಳದಲ್ಲಿ ಏನು ಕೂತಿತ್ತು ಎಂಬುದೂ ತಿಳಿಯುತ್ತದೆ. ಕೆಂಪು ಪುಡಿಯಿದ್ದರೆ ಟ್ಯಾಂಕಿನ ತುಕ್ಕು. ಬಿಳಿ ಬೂದಿಯಂಥದ್ದಿದ್ದರೆ ನೀರು ಸೇರಿ ಸತುವಿನ ಎರಕ ಕೊರೆದಿದೆ. ಕಂದು ಗೋಂದು ಹಳಸಿದ ಪೆಟ್ರೋಲಿನದು.

ನೀಡಲನ್ನು ಬೆಳಕಿಗೆ ಹಿಡಿದು, ಸಾಧ್ಯವಾದರೆ ಭೂತಗನ್ನಡಿಯಲ್ಲಿ, ಅದರ ತುದಿಯನ್ನು ನೋಡಿ. ಒಳ್ಳೆಯ ನೀಡಲಿನ ಶಂಕು ನುಣುಪಾಗಿರುತ್ತದೆ. ಸವೆದದ್ದರಲ್ಲಿ, ಸೀಟಿನ ಅಂಚು ಸಾವಿರಾರು ಸಲ ಬಡಿದ ಕಡೆ, ಉಂಗುರದಂಥ ಗೆರೆಯೊಂದು ಹೊಳೆಯುತ್ತದೆ. ಉಗುರು ಎಳೆದರೆ ಅಲ್ಲಿ ತಡೆಯುತ್ತದೆ. ಆ ಗೆರೆ ಸಿಕ್ಕಿತೆಂದರೆ ನೀಡಲನ್ನೂ ಸೀಟನ್ನೂ ಜೊತೆಯಾಗಿಯೇ ಬದಲಿಸಿ, ಸೀಟಿನ ಕೆಳಗಿನ ವಾಷರನ್ನೂ ಮರೆಯದೆ. ಆ ವಾಷರಿನ ದಪ್ಪ ಬೇರೆಯಾದರೂ ಪೆಟ್ರೋಲ್ ಮಟ್ಟ ಬದಲಾಗುತ್ತದೆ. ಅದರ ಸುತ್ತಲಿಂದ ಪೆಟ್ರೋಲ್ ಹಾಯ್ದರಂತೂ ನೀಡಲ್ ಎಷ್ಟು ಹೊಸದಿದ್ದರೂ ಬೌಲ್ ಉಕ್ಕುತ್ತದೆ. ಹಳೆಯ ನೀಡಲುಗಳು ಪೂರ್ತಿ ಲೋಹದವು. 1957ರಲ್ಲಿ ಮಾರುಕಟ್ಟೆಗೆ ಬಂದ ವೈಟಾನ್ ಎಂಬ ರಬ್ಬರಿನ ತುದಿ ಇರುವ ನೀಡಲುಗಳು ಸಣ್ಣಪುಟ್ಟ ಕಸವನ್ನು ಸಹಿಸಿಕೊಂಡು ಚೆನ್ನಾಗಿ ಮುಚ್ಚುತ್ತವೆ. ನಿಮ್ಮ ಮಾದರಿಗೆ ಅಂಥದ್ದು ಸಿಗುವುದಾದರೆ ಅದನ್ನೇ ಆರಿಸಿಕೊಳ್ಳುವುದು ಲೇಸು.

ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿ. ಒಳಗೆ ದ್ರವದ ಸದ್ದಾದರೆ ಅದು ತೂತಾಗಿದೆ. ಸದ್ದಿಲ್ಲದಿದ್ದರೂ ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ, ಕಣ್ಣಿಗೆ ಕಾಣದ ತೂತಿನಿಂದಲೂ ಗುಳ್ಳೆಗಳ ಸಾಲು ಹೊರಡುತ್ತದೆ. ಬೆಸುಗೆ ಹಾಕುವುದು ಸಾಧ್ಯವಿದೆ, ಆದರೆ ಒಳಗಿನ ಪೆಟ್ರೋಲ್ ಪೂರ್ತಿ ಬಸಿದು ಆವಿಯೂ ಹೋದ ಮೇಲೆ, ಅದೂ ಸೋಲ್ಡರಿಂಗ್ ಐರನ್ನಿನಿಂದ ಮಾತ್ರ. ಪೆಟ್ರೋಲ್ ಆವಿ ಉಳಿದ ಫ್ಲೋಟಿಗೆ ಜ್ವಾಲೆ ಹಿಡಿದರೆ ಅದು ಪಟಾಕಿಯಾಗುತ್ತದೆ. ಹೆಚ್ಚು ಸೀಸ ಮೆತ್ತಿದರೆ ಫ್ಲೋಟ್ ಭಾರವಾಗಿ ತಡವಾಗಿ ಏಳುತ್ತದೆ. ನೊರೆಯಂಥ ಕಪ್ಪು ವಸ್ತುವಿನ ಫ್ಲೋಟುಗಳು ವರ್ಷಗಳು ಕಳೆದಂತೆ ಪೆಟ್ರೋಲ್ ಹೀರಿ ತೂಕ ಹೆಚ್ಚಿಸಿಕೊಳ್ಳುತ್ತವೆ. ಅವು ನೋಡಲು ಸರಿಯಾಗಿಯೇ ಇರುವುದರಿಂದ ತೂಗಿಯೇ ಪತ್ತೆ ಮಾಡಬೇಕು. ಅವುಗಳಿಗೆ ರಿಪೇರಿ ಇಲ್ಲ.

ಜೆಟ್ಟುಗಳನ್ನು ತೊಳೆಯಲು ಕಾರ್ಬ್ಯುರೇಟರ್ ಕ್ಲೀನರ್ ಮತ್ತು ಒತ್ತಡದ ಗಾಳಿ ಸಾಕು. ತಂತಿ ತೂರಿಸುವ ಅಭ್ಯಾಸ ಕೆಟ್ಟದ್ದು. ಹಲವು ಯುರೋಪಿಯನ್ ಕಾರ್ಬ್ಯುರೇಟರುಗಳ ಜೆಟ್ಟಿನ ಮೇಲೆ 120 ಎಂದು ಕೆತ್ತಿದ್ದರೆ ತೂತು 1.20 ಮಿಲಿಮೀಟರ್ ಎಂದು ಅರ್ಥ. ಹಿತ್ತಾಳೆಯ ಮೇಲೆ ಉಕ್ಕಿನ ತಂತಿ ಉಜ್ಜಿದರೆ ಆ ಅಳತೆ ಉಳಿಯುವುದಿಲ್ಲ.

ಫ್ಲೋಟಿನ ಮಟ್ಟ

ಹೊಸ ನೀಡಲ್ ಹಾಕಿದ ಮೇಲೆ ಫ್ಲೋಟಿನ ಎತ್ತರವನ್ನು ಅಳೆಯದೆ ಮುಚ್ಚಿಬಿಡುವುದು ರಿಪೇರಿ ಹಳ್ಳಹಿಡಿಯಲು ದೊಡ್ಡ ಕಾರಣ. ಮಟ್ಟ ಹೆಚ್ಚಾದರೆ ತಿರುವಿನಲ್ಲಿ, ಇಳಿಜಾರಿನಲ್ಲಿ ಪೆಟ್ರೋಲ್ ಚೆಲ್ಲುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಅಂಶ ಏರುತ್ತದೆ. ಕಡಿಮೆಯಾದರೆ ಏರುದಾರಿಯಲ್ಲಿ ಎಂಜಿನ್ ಹಸಿದು ನಿಲ್ಲುತ್ತದೆ.

ಮುಚ್ಚಳಕ್ಕೆ ಫ್ಲೋಟ್ ತೂಗುಹಾಕಿರುವ ಮಾದರಿಗಳಲ್ಲಿ ಮುಚ್ಚಳವನ್ನು ತಲೆಕೆಳಗು ಮಾಡಿ, ಅದರ ಅಂಚಿನಿಂದ ಫ್ಲೋಟಿನ ನಿಗದಿತ ಬಿಂದುವಿಗೆ ಎಷ್ಟು ಅಂತರವಿದೆ ಎಂದು ಅಳೆಯುತ್ತಾರೆ. ಎಸ್‌ಯು ಎಚ್‌ಎಸ್ ಮಾದರಿಯ ಲೋಹದ ತೋಳಿನ ಫ್ಲೋಟಿಗೆ ಈ ಅಂತರ ಸುಮಾರು 3.2ರಿಂದ 4.8 ಮಿಲಿಮೀಟರ್. ಎಂಟನೆಯ ಒಂದು ಇಂಚಿನ ಡ್ರಿಲ್ ಬಿಟ್ಟನ್ನು ಅಡ್ಡ ಇಟ್ಟು ನೋಡುವುದು ಅದರ ಸಾಂಪ್ರದಾಯಿಕ ಅಳತೆಗೋಲು. ಬೇರೆ ಕಾರ್ಬ್ಯುರೇಟರುಗಳಿಗೆ ಬೇರೆ ಅಂಕಿ, ಅದೂ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ಇಡುವ ತೆಳು ಹಾಳೆ) ಇಟ್ಟು ಅಳೆಯುವುದೋ ತೆಗೆದು ಅಳೆಯುವುದೋ ಎಂಬುದನ್ನು ಕೈಪಿಡಿಯೇ ಹೇಳಬೇಕು. ನೀಡಲಿನ ಬೆನ್ನಿಗೆ ಸ್ಪ್ರಿಂಗ್ ಇರುವ ಮಾದರಿಗಳಲ್ಲಿ ಫ್ಲೋಟಿನ ಭಾರಕ್ಕೆ ಸ್ಪ್ರಿಂಗ್ ಕುಗ್ಗಿದರೆ ಅಳತೆ ತಪ್ಪುತ್ತದೆ. ಅಂಥವುಗಳಲ್ಲಿ ಮುಚ್ಚಳವನ್ನು ನೆಟ್ಟಗೆ ಹಿಡಿದು, ಫ್ಲೋಟಿನ ನಾಲಿಗೆ ನೀಡಲಿಗೆ ತಾಗಿದ ಕ್ಷಣದಲ್ಲಿ ಅಳೆಯುವುದು ವಾಡಿಕೆ.

ಅಂತರ ಸರಿಪಡಿಸಲು ಆ ನಾಲಿಗೆಯನ್ನು ಕೂದಲೆಳೆಯಷ್ಟು ಬಾಗಿಸಬೇಕು. ಬಾಗಿಸುವಾಗ ಫ್ಲೋಟನ್ನು ಹಿಡಿದು ನೀಡಲನ್ನು ಸೀಟಿಗೆ ಒತ್ತಬೇಡಿ. ಹೊಸ ನೀಡಲಿನ ತುದಿಯಲ್ಲಿ ಅಲ್ಲೇ ಗೆರೆ ಬೀಳುತ್ತದೆ. ಕೊನೆಗೆ, ಮುಚ್ಚಳ ತಲೆಕೆಳಗಿರುವಾಗಲೇ ಪೆಟ್ರೋಲ್ ಒಳಬರುವ ಬಾಯಿಗೆ ಶುಚಿಯಾದ ರಬ್ಬರ್ ಕೊಳವೆ ಸಿಕ್ಕಿಸಿ, ಕೈಯಿಂದ ಒತ್ತುವ ಪಂಪಿನಿಂದ ಮೆಲ್ಲಗೆ ಗಾಳಿ ಕಳಿಸಿ. ಗಾಳಿ ನುಸುಳದಿದ್ದರೆ ನೀಡಲ್ ಚೆನ್ನಾಗಿ ಕೂತಿದೆ.

ಗ್ಯಾಸ್ಕೆಟ್ ಮತ್ತು ಬಾಗಿದ ಮುಚ್ಚಳ

ಹಳೆಯ ಕಾರ್ಬ್ಯುರೇಟರುಗಳ ಮೈ ಸತುವಿನ ಮಿಶ್ರಲೋಹದ ಅಥವಾ ಅಲ್ಯುಮಿನಿಯಮ್ಮಿನ ಎರಕ. ಎರಡೂ ಮೆತ್ತನೆಯ ಲೋಹಗಳು. ಮೂಲೆಯ ಸ್ಕ್ರೂಗಳನ್ನು ವರ್ಷಗಟ್ಟಲೆ ಬಲವಾಗಿ ತಿರುಗಿಸಿದರೆ ಮುಚ್ಚಳದ ಮೂಲೆಗಳು ಕೆಳಕ್ಕೆ ಬಾಗಿ ನಡುಭಾಗ ಉಬ್ಬುತ್ತದೆ, ಗ್ಯಾಸ್ಕೆಟ್ಟಿಗೆ ಅಲ್ಲಿ ಒತ್ತಡವೇ ಸಿಗುವುದಿಲ್ಲ. ಮತ್ತೆ ಸೋರುತ್ತದೆ, ಮತ್ತೆ ಬಿಗಿ ಮಾಡುತ್ತಾರೆ, ಮತ್ತಷ್ಟು ಬಾಗುತ್ತದೆ. ಮುಚ್ಚಳವನ್ನು ದಪ್ಪ ಗಾಜಿನ ಮೇಲೆ ಇಟ್ಟು ಅಂಚಿನಲ್ಲಿ ತೆಳುವಾದ ಫೀಲರ್ ಗೇಜ್ ತೂರಿಸಿ ನೋಡಿದರೆ ಬಾಗು ತಿಳಿಯುತ್ತದೆ. ಸ್ವಲ್ಪವೇ ಇದ್ದರೆ ಗಾಜಿನ ಮೇಲೆ ನುಣುಪು ಸ್ಯಾಂಡ್‌ಪೇಪರ್ ಹಾಸಿ ಎಂಟರ ಆಕಾರದಲ್ಲಿ ಉಜ್ಜಿ ಮಟ್ಟ ಮಾಡಬಹುದು. ಆಮೇಲೆ ಪ್ರತಿಯೊಂದು ರಂಧ್ರವನ್ನೂ ಗಾಳಿಯಿಂದ ಊದಿ ಪುಡಿ ತೆಗೆಯಲೇಬೇಕು.

ಹೊಸ ಗ್ಯಾಸ್ಕೆಟ್ಟನ್ನು ಒಣದಾಗಿಯೇ ಕೂರಿಸಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸಿಲಿಕೋನ್ ಪೇಸ್ಟ್ ಪೆಟ್ರೋಲಿನಲ್ಲಿ ಉಬ್ಬಿ ಎಳೆಎಳೆಯಾಗಿ ಕಳಚಿ ಜೆಟ್ಟುಗಳನ್ನು ಕಟ್ಟಿಬಿಡುತ್ತದೆ. ಸ್ಕ್ರೂಗಳನ್ನು ಎದುರುಬದುರಿನ ಕ್ರಮದಲ್ಲಿ, ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಬೇಕು.

ಥ್ರಾಟಲ್ ಕಡ್ಡಿಯ ತುದಿಗಳಲ್ಲಿ ಪಸೆ ಕಂಡರೆ ಅಲ್ಲಿನ ರಂಧ್ರ ಸವೆದಿದೆ. ಸವೆದ ಕಡ್ಡಿಯ ಸುತ್ತ ಮುಖ್ಯವಾಗಿ ಗಾಳಿ ಒಳಕ್ಕೆ ಸೋರುತ್ತದೆ, ಐಡಲಿಂಗ್ ಕೆಡುತ್ತದೆ. ಹೊಸ ಬುಷ್ (ಕಡ್ಡಿ ತಿರುಗುವ ಲೋಹದ ಬಳೆ) ಕೂರಿಸಲು ರಂಧ್ರವನ್ನು ನಿಖರವಾಗಿ ಕೊರೆಯಬೇಕಾದ್ದರಿಂದ ಅದು ಲೇತ್ ಇರುವ ಕಾರ್ಯಾಗಾರದ ಕೆಲಸ.

ಎಥನಾಲ್ ಬೆರೆಸಿದ ಪೆಟ್ರೋಲ್

ಹಲವು ದೇಶಗಳ ಬಂಕುಗಳಲ್ಲಿ ಈಗ ಸಿಗುವುದು ಶೇಕಡ 5, 10 ಅಥವಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಇ5, ಇ10, ಇ20 ಎಂಬ ಗುರುತುಗಳ ಅರ್ಥ ಇಷ್ಟೇ. ಎಥನಾಲ್ ಹಳೆಯ ಕಾರಿಗೆ ಮೂರು ಬಗೆಯಲ್ಲಿ ಕಾಟ ಕೊಡುತ್ತದೆ. ಹಿಂದಿನ ಕಾಲದ ರಬ್ಬರನ್ನು ಅದು ಉಬ್ಬಿಸಿ, ಒಣಗಿದಾಗ ಬಿರಿಯುವಂತೆ ಮಾಡುತ್ತದೆ. ಟ್ಯಾಂಕಿನ ಗೋಡೆಗೆ ಅಂಟಿ ಕೂತಿದ್ದ ಹಳೆಯ ಗೋಂದನ್ನು ಕರಗಿಸಿ ಕಾರ್ಬ್ಯುರೇಟರಿಗೆ ಸಾಗಿಸುತ್ತದೆ, ಆದ್ದರಿಂದ ಹೊಸ ಪೆಟ್ರೋಲ್ ಹಾಕಿದ ಮೊದಲ ದಿನಗಳಲ್ಲೇ ನೀಡಲ್ ಸಿಕ್ಕಿಕೊಳ್ಳುವುದುಂಟು. ಗಾಳಿಯ ತೇವವನ್ನೂ ಹೀರುತ್ತದೆ. ನೀರಿನಂಶ ಮಿತಿಮೀರಿದರೆ ಎಥನಾಲ್ ನೀರಿನ ಜೊತೆ ಸೇರಿ ಬೌಲಿನ ತಳಕ್ಕೆ ಇಳಿದು ಲೋಹವನ್ನು ಕೊರೆಯುತ್ತದೆ.

ಇದಕ್ಕೆ ಹೆದರಿ ಕಾರನ್ನು ಮೂಲೆಗೆ ತಳ್ಳಬೇಕಿಲ್ಲ. ರಿಪೇರಿ ಕಿಟ್ ಕೊಳ್ಳುವಾಗ ಎಥನಾಲ್ ತಾಳುವ ಡಯಾಫ್ರಾಮ್ ಮತ್ತು ಬಿಗಿಗಳಿವೆಯೇ ಎಂದು ಕೇಳಿ. ಪೆಟ್ರೋಲ್ ಹೋಸನ್ನು ಬದಲಿಸುವಾಗ ಅದರ ಮೇಲೆ ಎಸ್‌ಎಇ ಜೆ30 ಆರ್9 ಎಂಬ ಮುದ್ರೆ ಇದ್ದರೆ ಒಳಪದರ ಎಥನಾಲಿಗೆ ಜಗ್ಗುವುದಿಲ್ಲ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಬೌಲನ್ನು ಬರಿದು ಮಾಡುವುದೋ ಪೂರ್ತಿ ತುಂಬಿಡುವುದೋ ಎಂಬ ವಾದ ಮುಗಿಯುವಂಥದ್ದಲ್ಲ: ಬರಿದಾದರೆ ಗ್ಯಾಸ್ಕೆಟ್ ಒಣಗಿ ಕುಗ್ಗುತ್ತದೆ, ತುಂಬಿದರೆ ಪೆಟ್ರೋಲ್ ಹಳಸಿ ಗೋಂದಾಗುತ್ತದೆ. ಎರಡಕ್ಕಿಂತ ಒಳ್ಳೆಯದು ಆಗಾಗ ಕಾರನ್ನು ಓಡಿಸುವುದು.

ಜೋಡಿಸಿದ ನಂತರ

ವಿದ್ಯುತ್ ಪಂಪ್ ಇರುವ ಕಾರಿನಲ್ಲಿ ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ, ಬೌಲ್ ತುಂಬುವವರೆಗೆ ಕಾಯಿರಿ. ಎಸ್‌ಯು ಬಗೆಯ ಪಂಪಿನ ಟಿಕ್ ಟಿಕ್ ಸದ್ದು ನಿಧಾನವಾಗಿ ನಿಲ್ಲಬೇಕು. ನಿಲ್ಲದೆ ಬಡಿಯುತ್ತಲೇ ಇದ್ದರೆ ಪೆಟ್ರೋಲ್ ಎಲ್ಲಿಗೋ ಹೋಗುತ್ತಿದೆ ಅಥವಾ ಪಂಪ್ ಗಾಳಿ ಎಳೆಯುತ್ತಿದೆ. ಯಾಂತ್ರಿಕ ಪಂಪ್ ಇದ್ದರೆ ಬೌಲಿನ ಗಾಳಿಯ ತೂತಿನಿಂದ ಸಿರಿಂಜಿನಲ್ಲಿ ತುಸು ಪೆಟ್ರೋಲ್ ಹಾಕಿಕೊಂಡರೆ ಸ್ಟಾರ್ಟರನ್ನು ವ್ಯರ್ಥವಾಗಿ ದಣಿಸಬೇಕಾಗಿಲ್ಲ. ಪ್ರತಿ ಕೀಲಿನ ಸುತ್ತ ಬಿಳಿ ಕಾಗದದ ಅಂಚನ್ನು ಒತ್ತಿ ನೋಡಿ. ಪಸೆಯಿಲ್ಲವೆಂದು ಖಚಿತವಾದ ಮೇಲೆ ಎಂಜಿನ್ ಚಾಲೂ ಮಾಡಿ, ಐಡಲಿಂಗಿನಲ್ಲೂ ಪೆಡಲ್ ಒತ್ತಿದಾಗಲೂ ಮತ್ತೆ ನೋಡಿ.

ಇನ್ನೊಂದು ತಪಾಸಣೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕಾರನ್ನು ಚೆನ್ನಾಗಿ ಕಾಯುವಷ್ಟು ದೂರ ಓಡಿಸಿ ತಂದು ನಿಲ್ಲಿಸಿದ ಮೇಲೆ ಕಾಲು ಗಂಟೆ ಬಿಟ್ಟು ಬಾನೆಟ್ ಎತ್ತಿ ನೋಡಬೇಕು, ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಇನ್ನೊಮ್ಮೆ. ಆಯಿಲಿನಲ್ಲಿ ಪೆಟ್ರೋಲ್ ವಾಸನೆ ಇದ್ದ ಕಾರಾದರೆ, ಸೋರಿಕೆ ನಿಲ್ಲಿಸಿದ ಬಳಿಕ ಎಂಜಿನ್ ಚಾಲೂ ಮಾಡುವ ಮೊದಲೇ ಆಯಿಲ್ ಮತ್ತು ಅದರ ಫಿಲ್ಟರನ್ನು ಬದಲಿಸಿರಬೇಕು. ಪೆಟ್ರೋಲ್ ಒರೆಸಿದ ಬಟ್ಟೆಗಳನ್ನು ಗ್ಯಾರೇಜಿನೊಳಗೆ ಗುಡ್ಡೆ ಹಾಕದೆ ಬಯಲಿನಲ್ಲಿ ಹರಡಿ, ವಾಸನೆ ಪೂರ್ತಿ ಹೋಗುವವರೆಗೆ ಒಣಗಲು ಬಿಡಿ.